ಇಲಿಯ ಹುದ್ದೆಗೊಂದು ಖಾಯಂ ನೇಮಕ

ಇಬ್ಬರು ಸಹಿ ಹಾಕುವವರೆಗೆ ಯಾವ ಇಲಿಗೂ ಸೆಳವು, ಅಂದರೆ ಫಿಟ್ಸ್, ಬಂದಂತಲ್ಲ. ಇದು ಸೆಳವು ಮಾಪನ ಸಂಸ್ಥೆಯ ಮೂಲ ನಿಯಮ. ಮೂರನೇ ಮಹಡಿಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕದ ಗೋಡೆಗೆ ಅದನ್ನು ಕಟ್ಟು ಹಾಕಿಸಿ ತೂಗುಬಿಟ್ಟಿದ್ದಾರೆ. ಇಲಿ ಬಿದ್ದು ಕಾಲು ಬಡಿದುಕೊಂಡದ್ದನ್ನು ನೋಡಿ ಒಬ್ಬರು ಸಹಿ ಹಾಕಿದರೆ ಅದು ಆ ಒಬ್ಬರ ಅಭಿಪ್ರಾಯ. ಇಬ್ಬರೂ ಹಾಕಿದರೆ ವಿಜ್ಞಾನ.

ಅಳೆಯುವ ಕ್ರಮ ಸರಳ. ಹುಟ್ಟಿನಿಂದಲೇ ಸದ್ದಿಗೆ ಬೆದರುವ ತಳಿಯ ಬಿಳಿ ಇಲಿಗಳನ್ನು ತಂದು ಅರ್ಧಕ್ಕೆ ಹೊಸ ಔಷಧಿ ಕೊಡುತ್ತಾರೆ, ಉಳಿದರ್ಧಕ್ಕೆ ಬರೀ ನೀರು. ಆಮೇಲೆ ಒಂದೊಂದನ್ನೇ ಗಾಜಿನ ಪೆಟ್ಟಿಗೆಗೆ ಬಿಟ್ಟು ತಲೆಯ ಮೇಲೆ ದೊಡ್ಡದೊಂದು ಗಂಟೆ ಬಾರಿಸುತ್ತಾರೆ. ಸುಮ್ಮನಿದ್ದರೆ ಸೊನ್ನೆ. ಬೆಚ್ಚಿದರೆ ಒಂದು. ಹುಚ್ಚೆದ್ದು ಓಡಿದರೆ ಎರಡು. ಮಗ್ಗುಲಾಗಿ ಬಿದ್ದು ಒದ್ದಾಡಿದರೆ ಮೂರು, ಕಾಲು ಸೆಟೆದುಕೊಂಡರೆ ನಾಲ್ಕು. ಐದು ಎಂದರೇನೆಂದು ಇಲಿಯನ್ನೇ ಕೇಳಬೇಕು, ಆದರೆ ಉತ್ತರ ಹೇಳುವ ಸ್ಥಿತಿಯಲ್ಲಿ ಅದು ಇರುವುದಿಲ್ಲ.

ಗಂಟೆ ಬಾರಿಸುವ ಕೆಲಸ ಗಂಟೆಯಣ್ಣನದು. ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇದ್ದೀತು, ಆದರೆ ಹಾಜರಿಯಲ್ಲಿ ಇದ್ದದ್ದು 'ಗಂಟೆ, ತಾತ್ಕಾಲಿಕ' ಎಂದಷ್ಟೇ. ಬಾರಿಸುವವನು ಇಲಿಯ ಕಡೆ ನೋಡಿದರೆ ಮರುಕ ಹುಟ್ಟಿ ಕೈ ಸಡಿಲವಾದೀತು, ಅಥವಾ ಹುರುಪು ಹುಟ್ಟಿ ಬಿಗಿಯಾದೀತು. ಎರಡೂ ಮಾಪನಕ್ಕೆ ಹಾನಿ. ಆದಕಾರಣ ಬಾರಿಸುವವನು ಗೋಡೆಗೆ ಮುಖಮಾಡಿ ನಿಂತಿರತಕ್ಕದ್ದು ಎಂದು ನಿಯಮವಿತ್ತು. ಗಂಟೆಯಣ್ಣ ನಿಯಮದ ಮನುಷ್ಯ. ಕೆಲಸಕ್ಕೆ ಸೇರಿದಂದಿನಿಂದ ಅವನು ಆ ಗೋಡೆಯ ಒಂದೊಂದು ಬಿರುಕನ್ನೂ ಬಲ್ಲ. ಇಲಿಗೆ ಸೆಳವು ಬರುವುದನ್ನು ಮಾತ್ರ ಒಂದು ಸಲವೂ ಕಂಡವನಲ್ಲ.

ಮನೆಯಲ್ಲಿ ಅವನ ಪರಿಸ್ಥಿತಿ ಇನ್ನಷ್ಟು ತಾತ್ಕಾಲಿಕವಾಗಿತ್ತು. 'ಹುಡುಗನಿಗೆ ಇನ್ನೇನು ಪರ್ಮನೆಂಟ್ ಆಗುತ್ತೆ' ಎಂದು ಹೇಳಿ ಮದುವೆ ಮಾಡಿಸಿದ್ದರು. ಮಗಳು ಹುಟ್ಟಿ ಶಾಲೆಗೆ ಹೋಗತೊಡಗಿದರೂ ಆ 'ಇನ್ನೇನು' ಅಲ್ಲೇ ನಿಂತಿತ್ತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಊರವರ ಅಳತೆ ತೆಗೆಯುತ್ತಿದ್ದಳೇ ಹೊರತು ಗಂಡನ ಅಳತೆ ತೆಗೆಯಲು ಹೋಗುತ್ತಿರಲಿಲ್ಲ. ಆ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದರು. ಅಡಿಗೆ, ಪಾತ್ರೆ, ಬಟ್ಟೆ, ಮೊಮ್ಮಗಳ ಜಡೆ ಎಲ್ಲವೂ ಅವರದೇ ಆದ್ದರಿಂದ ಅವರಿಗೆ ಎದುರಾಡುವ ಬಾಯಿ ಆ ಮನೆಯಲ್ಲಿರಲಿಲ್ಲ. ಬಾಗಿಲಿಗೆ ಯಾರೇ ಬರಲಿ, ಅತ್ತೆ ಕೈ ಒರೆಸಿಕೊಳ್ಳುತ್ತಾ ಹೊರಬಂದು ಪರಿಚಯ ಮಾಡಿಕೊಡುತ್ತಿದ್ದರು:

"ಇವರು ನಮ್ಮ ಅಳಿಯ. ಸದ್ಯಕ್ಕೆ."

ಗ್ಯಾಸ್ ಸಿಲಿಂಡರ್ ತಂದವನಿಗೂ ಹೀಗೆಯೇ ಹೇಳಿದ್ದರು. ಆ ಕೊನೆಯ ಪದ ಕೇಳಿದಾಗಲೆಲ್ಲ ಗಂಟೆಯಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಿದ್ದ. ಅವನಿಗೆ ಬಂಗಲೆ ಬೇಡ, ಬಿರುದು ಬೇಡ. ಸಾಯುವುದರೊಳಗೆ ಒಮ್ಮೆ ಅತ್ತೆಯ ಬಾಯಲ್ಲಿ ಆ ವಾಕ್ಯ 'ಅಳಿಯ' ಎಂಬಲ್ಲಿಗೆ ಮುಗಿಯಬೇಕು, ಅಷ್ಟೆ.

ಇನ್ನು ಸಹಿ ಹಾಕುವ ಇಬ್ಬರು. ಒಬ್ಬರು ಹಿರಿಯ ವೀಕ್ಷಕಿ, ಇನ್ನೊಬ್ಬರು ಕಿರಿಯ ವೀಕ್ಷಕ. ಕೈಯಿರುವ ಕುರ್ಚಿ ಯಾರದು ಎಂಬ ವಿಷಯದಲ್ಲಿ ಇಬ್ಬರಿಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಅವರು ಮೂರು ಎಂದರೆ ಇವರು ನಾಲ್ಕು. ಇವರು ನಾಲ್ಕು ಎಂದು ಮೊದಲೇ ಬರೆದರೆ ಅವರು ಮೂರು. ಇಲಿ ಮಾತ್ರ ಯಾರ ಪಕ್ಷವನ್ನೂ ವಹಿಸದೆ ಬಿದ್ದಿರುತ್ತಿತ್ತು. ಹೊರಗಿನಿಂದ ಬಂದ ತಪಾಸಣೆಯವರು ಎಲ್ಲವನ್ನೂ ಪರಿಶೀಲಿಸಿ ಬರೆದರು: "ಸಂಸ್ಥೆಯಲ್ಲಿ ಇಲಿಗಳಿವೆ, ಗಂಟೆಯಿದೆ, ಸೆಳವೂ ಇರಬಹುದು. ಒಮ್ಮತ ಕಂಡುಬರಲಿಲ್ಲ."

ನಿರ್ದೇಶಕರು ತಕ್ಷಣ ಏಕಾಭಿಪ್ರಾಯ ಸಮಿತಿಯನ್ನು ರಚಿಸಿದರು. ಏಕಾಭಿಪ್ರಾಯ ಅಗತ್ಯವೆಂದು ಮೊದಲ ಸಭೆಯಲ್ಲೇ ಬಹುಮತದಿಂದ ತೀರ್ಮಾನವಾಯಿತು. ಸೆಳವನ್ನು ಕ್ಯಾಮೆರಾದಲ್ಲಿ ಹಿಡಿದು ನಿಧಾನವಾಗಿ ನೋಡಬಹುದಲ್ಲ ಎಂದು ಯಾರೋ ಹೇಳಿದರು. ಆದರೆ ಇದ್ದೊಂದು ಕ್ಯಾಮೆರಾವನ್ನು ಗ್ರಂಥಾಲಯದ ಬಾಬ್ತಿನಲ್ಲಿ ಕೊಂಡಿದ್ದರಿಂದ ಅದರಲ್ಲಿ ಪುಸ್ತಕಗಳ ಚಲನವಲನವನ್ನಷ್ಟೇ ಚಿತ್ರಿಸಲು ಅವಕಾಶವಿತ್ತು.

ಸಮಿತಿ ಹೀಗೆ ಚಹಾ ಕುಡಿಯುತ್ತಿದ್ದಾಗ ವೀಕ್ಷಕರಿಬ್ಬರೂ ಮೊಗಸಾಲೆಯಲ್ಲಿ ಎದುರುಬದುರಾಗಿ ನಿಂತು ಗೋಡೆಗೆ ಹೇಳುವಂತೆ ಒಬ್ಬರಿಗೊಬ್ಬರು ಹೇಳತೊಡಗಿದರು. ಬೆಳಗಿನ ಇಲಿಯದು ಮೂರೋ ನಾಲ್ಕೋ ಎಂಬುದು ವಿಷಯ. ಗಂಟೆಗೆ ಎಣ್ಣೆ ಹಾಕಲು ಒಯ್ಯುತ್ತಿದ್ದ ಗಂಟೆಯಣ್ಣ ಸಿಕ್ಕಿಬಿದ್ದ.

"ನೀನೇ ಹೇಳಪ್ಪಾ," ಎಂದರು ಹಿರಿಯ ವೀಕ್ಷಕಿ. "ಇಷ್ಟು ವರ್ಷದಿಂದ ಬಾರಿಸ್ತಾ ಇದ್ದೀಯ. ನಾಲ್ಕು ಅಂದ್ರೆ ಹೇಗಿರುತ್ತೆ?"

'ನಾನು ನೋಡಿಲ್ಲ' ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಸಂಸ್ಥೆಯಲ್ಲಿ ಅವನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಸದ್ದು ಕೇಳಿ ನಿರ್ದೇಶಕರೂ ಬಾಗಿಲಿಗೆ ಬಂದಿದ್ದರು. ಗಂಟೆಯಣ್ಣ ಗಂಟೆಯನ್ನು ಕೆಳಗಿಟ್ಟ. ಬೆದರಿ ಓಡಿ ಬೀಳುವ ಜೀವವೆಂದು ಅವನು ತನ್ನ ಬದುಕಿನಲ್ಲಿ ಕಣ್ಣಾರೆ ಕಂಡದ್ದು ಒಂದನ್ನೇ: ಅಡಿಗೆಮನೆಯಲ್ಲಿ ಜಿರಳೆ ಕಂಡಾಗಿನ ಅತ್ತೆಯನ್ನು.

ಅದನ್ನೇ ಮಾಡಿ ತೋರಿಸಿದ. ಮೊದಲು ಕಿಟಾರನೆ ಕಿರುಚಿದ. ಎರಡೂ ಕೈ ಮೇಲೆತ್ತಿಕೊಂಡು ಗರಗರ ಸುತ್ತು ಹೊಡೆದ. ಪಹರೆಯವನ ಸ್ಟೂಲು ಹತ್ತಿದ. ಸ್ಟೂಲಿನಿಂದ ಮಗ್ಗುಲಾಗಿ ಬಿದ್ದು ಒದ್ದಾಡಿದ. ಕೊನೆಗೆ, ಎತ್ತುವವರು ಬರಲಿ ಎಂದು ಅತ್ತೆ ಹೇಗೆ ಎರಡೂ ಕಾಲು ಸೆಟೆಸಿ ಮಲಗುತ್ತಾರೋ ಹಾಗೆ ಮಲಗಿದ.

"ನಾಲ್ಕು," ಎಂದರು ಹಿರಿಯ ವೀಕ್ಷಕಿ.

"ನಾಲ್ಕು," ಎಂದರು ಕಿರಿಯ ವೀಕ್ಷಕರು. ತಾವು ಒಪ್ಪಿಬಿಟ್ಟೆವೆಂದು ಇಬ್ಬರಿಗೂ ಅರಿವಾಗುವಷ್ಟರಲ್ಲಿ ನಿರ್ದೇಶಕರು ಅದನ್ನು ಬರೆದುಕೊಂಡಿದ್ದರು.

ತೂಕಕ್ಕೆ ಒಂದು ಮಾನಕ ಕಲ್ಲು ಇರುವಂತೆ ಸೆಳವಿಗೂ ಒಂದು ಮಾನಕ ಇರತಕ್ಕದ್ದು ಎಂದು ಮಾರನೆಯ ದಿನವೇ ಆದೇಶ ಹೊರಟಿತು. ಪ್ರತಿ ಬೆಳಿಗ್ಗೆ ಗಂಟೆಯಣ್ಣ ಒಂದರಿಂದ ನಾಲ್ಕರವರೆಗೆ ಸೆಳವುಗಳನ್ನು ಪ್ರದರ್ಶಿಸಬೇಕು, ವೀಕ್ಷಕರು ಅದನ್ನು ನೋಡಿ ಕಣ್ಣು ಸರಿಹೊಂದಿಸಿಕೊಳ್ಳಬೇಕು, ಆಮೇಲೆ ಇಲಿಗಳ ಕಡೆ ತಿರುಗಬೇಕು. ಒಮ್ಮತ ಒಂದೇ ವಾರದಲ್ಲಿ ನೂರಕ್ಕೆ ನೂರು ಮುಟ್ಟಿತು. ಸಮಸ್ಯೆ ಬಂದದ್ದು ಇಲಿಗಳ ಕಡೆಯಿಂದ. ಅವು ಕಿರುಚುತ್ತಿರಲಿಲ್ಲ, ಕೈ ಮೇಲೆತ್ತುತ್ತಿರಲಿಲ್ಲ. ಅವುಗಳಿಗೆ ಅನ್ಯಾಯವಾಗಬಾರದೆಂದು ಪೆಟ್ಟಿಗೆಯೊಳಗೆ ಪುಟ್ಟ ಮರದ ಸ್ಟೂಲೊಂದನ್ನು ಮಾಡಿಸಿ ಇಟ್ಟರು. ಅನುಕೂಲ ಕಲ್ಪಿಸಿಕೊಟ್ಟ ಮೇಲೂ ಒಂದು ಇಲಿಯೂ ಹತ್ತಲಿಲ್ಲ. ಆಗ ಈ ಕೆಳಗಿನ ಪ್ರಕಟಣೆ ಬಂತು:

"ಇಲಿಗಳ ಸೆಳವು ಮಾನಕ ಸೆಳವಿಗೆ ಹೊಂದಿಕೆಯಾಗುತ್ತಿಲ್ಲವೆಂಬುದು ಸಂಸ್ಥೆಯ ಗಮನಕ್ಕೆ ಬಂದಿದೆ. ಹೊಂದಿಕೆಯಾಗದ ಸೆಳವನ್ನು ಸೆಳವೆಂದು ಪರಿಗಣಿಸತಕ್ಕದ್ದಲ್ಲ. ಇದರ ಪ್ರತಿಯನ್ನು ಸಂಬಂಧಪಟ್ಟ ಪಂಜರಗಳ ಎದುರು ಅಂಟಿಸಿ, ನೋಡಿದ್ದಕ್ಕೆ ಇಲಿಗಳಿಂದ ಮುಂಗಾಲಿನ ಗುರುತು ಪಡೆಯತಕ್ಕದ್ದು."

ಗುರುತು ಪಡೆದರು. ಅಲ್ಲಿಂದಾಚೆಗೆ ಎಲ್ಲ ಇಲಿಗಳಿಗೂ ಸೊನ್ನೆಯೇ. ಔಷಧಿ ಕುಡಿದವಕ್ಕೂ ಸೊನ್ನೆ, ನೀರು ಕುಡಿದವಕ್ಕೂ ಸೊನ್ನೆ. ಕೊಡದೆ ಇದ್ದ ಇಲಿಗಳ ಮೇಲೂ ಕೆಲಸ ಮಾಡಿದ ಮೊದಲ ಔಷಧಿ ಇದೆಂದು ವಾರ್ಷಿಕ ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಯಿತು. ಔಷಧಿ ಮಾಡುವವರು ಹೂಗುಚ್ಛ ಕಳಿಸಿದರು.

ಇಷ್ಟಾದ ಮೇಲೆ ಗಂಟೆಯಣ್ಣನನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು ಹೇಗೆ? ದಿನಗೂಲಿಯ ಮಾನಕವನ್ನು ಲೋಕ ನಂಬುವುದಿಲ್ಲ. ನಿರ್ದೇಶಕರು ಅವನನ್ನು ಕರೆದು ಕೂರಿಸಿದರು.

"ನೋಡಪ್ಪಾ, ನಿನ್ನ ಖಾಯಂ ಮಾಡ್ಬೇಕು ಅಂತ ಎಲ್ಲರ ಮನಸ್ಸಲ್ಲೂ ಇದೆ. ಆದ್ರೆ ಸಿಬ್ಬಂದಿ ಹುದ್ದೆ ಭರ್ತಿಗೆ ತಡೆ ಇದೆ."

"ಹಾಗಾದ್ರೆ ಸಾರ್?"

"ಪ್ರಾಣಿ ವಿಭಾಗದಲ್ಲಿ ತಡೆ ಇಲ್ಲ. ಅಲ್ಲಿ ಇಲಿಯದೊಂದು ಜಾಗ ಖಾಲಿ ಇದೆ. ಮಂಜೂರಾದ ಜಾಗ, ಖಾಯಂ."

ಗಂಟೆಯಣ್ಣ ಆ ಕೊನೆಯ ಪದವನ್ನು ಬಿಟ್ಟು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೂ ಒಪ್ಪುತ್ತಿದ್ದನೆಂಬುದು ನನ್ನ ಅಂದಾಜು.

ಸೇರ್ಪಡೆ ವಿಧ್ಯುಕ್ತವಾಗಿ ನಡೆಯಿತು. ತೂಕ ನೋಡಿದರು, ಎಡಗಿವಿಗೆ ಸಂಖ್ಯೆಯ ತಗಡು ಚುಚ್ಚಿದರು. ಹಿಂದೆ ಮೊಲಗಳಿದ್ದ ಗಾಜಿನ ಕೋಣೆಯನ್ನು ಅವನಿಗಾಗಿ ಒರೆಸಿ ಮರದ ಹೊಟ್ಟು ಹಾಸಿಕೊಟ್ಟರು. ಬುಡಮೇಲಾಗಿ ತೂಗುಬಿಟ್ಟ ನೀರಿನ ಬಾಟಲಿಗೆ ಬಾಯಿ ಹಚ್ಚಿ ಕುಡಿಯುವುದು ಮೊದಮೊದಲು ಕಷ್ಟವಾಯಿತು, ಆಮೇಲೆ ಕುತ್ತಿಗೆಗೆ ರೂಢಿಯಾಯಿತು. ಹೊರಗೆ ಹೋದ ಪ್ರಾಣಿ ಸೋಂಕು ತರುತ್ತದೆಂಬ ಕಾರಣಕ್ಕೆ ಒಳಬಂದದ್ದು ಹೊರಹೋಗುವಂತಿಲ್ಲ ಎಂದು ಅವನಿಗೆ ತಿಳಿದದ್ದು ಸಂಜೆ, ಚಪ್ಪಲಿ ಹುಡುಕುವಾಗ. ಇಲಿಗಳಿಗೆ ಸಂಬಳದ ಪದ್ಧತಿಯಿಲ್ಲ. ಮರಿಯಿರುವ ಇಲಿಯೆಂದು ಪರಿಗಣಿಸಿ ಮನೆಗೆ ಗೂಡು ಭತ್ಯೆ ಕಳಿಸಿದರು.

ಭೇಟಿಯ ದಿನ ಮನೆಯವರೆಲ್ಲ ಬಂದರು. ಮಗಳು ಗಾಜಿಗೆ ಮೂಗು ಒತ್ತಿ, "ಅಪ್ಪಾ, ಕಿವಿ ನೋಯುತ್ತಾ?" ಎಂದಳು. ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡೇ ಅವನನ್ನು ಬೈದಳು.

"ಬುದ್ಧಿ ಇದೆಯಾ ನಿಮಗೆ? ಮೊದಲು ಎದ್ದು ಮನೆಗೆ ಬನ್ನಿ."

"ಬಂದ್ರೆ ಪರ್ಮನೆಂಟ್ ಹೋಗುತ್ತೆ ಕಣೇ."

"ಹೋದ್ರೆ ಹೋಗ್ಲಿ! ಊಟಕ್ಕೆ ಕೂತಾಗ ಪಕ್ಕದಲ್ಲಿ ಜಾಗ ಖಾಲಿ ಇರುತ್ತೆ. ನೋಡೋಕಾಗಲ್ಲ ನನಗೆ."

ಅತ್ತೆ ಮಾತ್ರ ಮೊದಲ ಸಲ ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ಮೆಚ್ಚುಗೆಯಿಂದ ನೋಡಿದರು. ಜೊತೆಗೆ ಬಂದಿದ್ದ ಪಕ್ಕದ ಮನೆಯಾಕೆಯ ಕಡೆ ತಿರುಗಿ ಹೇಳಿದರು:

"ಇವರು ನಮ್ಮ ಅಳಿಯ."

ವಾಕ್ಯ ಅಲ್ಲಿಗೇ ನಿಂತಿತು. ಗಂಟೆಯಣ್ಣ ಸ್ವಲ್ಪ ಹೊತ್ತು ಕಾದ. ಮುಂದೆ ಏನೂ ಬರಲಿಲ್ಲ. ಅವರೆಲ್ಲ ಹೋದ ಮೇಲೆ ಅವನು ಹೊಟ್ಟಿನ ಮೇಲೆ ಮಲಗಿ ಸುಖಪಟ್ಟ. ಸುಳ್ಳೇಕೆ ಹೇಳಲಿ, ನಿಜವಾಗಿಯೂ ಸುಖಪಟ್ಟ.

ಆ ಸುಖ ಕೆಟ್ಟದ್ದು ಅವನ ಕೋಣೆ ಇದ್ದ ಜಾಗದಿಂದ. ಅಲ್ಲಿಂದ ಮಾಪನದ ಪೆಟ್ಟಿಗೆ ನೇರವಾಗಿ ಕಾಣುತ್ತಿತ್ತು. ಗಂಟೆ ಬಾರಿಸಲು ಬಂದ ಹೊಸಬ ಗೋಡೆಗೆ ಮುಖಮಾಡಿ ನಿಂತ. ಪೆಟ್ಟಿಗೆಯಲ್ಲಿದ್ದದ್ದು ನೀರಿನ ಗುಂಪಿನ ಒಂದು ಸಣ್ಣ ಇಲಿ, ಅದರ ಎಡಗಿವಿಯಲ್ಲೂ ತಗಡಿತ್ತು. ಗಂಟೆ ಮೊಳಗಿದ್ದೇ ತಡ ಅದು ಕಾಲು ಕಾಣದಷ್ಟು ಜೋರಾಗಿ ಓಡಿತು, ಸ್ಟೂಲಿಗೆ ಡಿಕ್ಕಿ ಹೊಡೆಯಿತು, ಬಿತ್ತು. ಸದ್ದೇ ಇಲ್ಲ. ಪುಟ್ಟ ಬಾಯಿ ತೆರೆದು ಮುಚ್ಚಿತು, ಕಾಲು ನೆಟ್ಟಗಾಯಿತು, ಹಾಗೇ ಬಹಳ ಹೊತ್ತು ನಡುಗಿತು. ಆಮೇಲೆ ಎದ್ದು, ಏನಾಯಿತೆಂದು ತಿಳಿಯದಂತೆ ಸುತ್ತ ನೋಡಿ, ಮುಂಗಾಲಿನಿಂದ ಮುಖ ತಿಕ್ಕಿಕೊಳ್ಳತೊಡಗಿತು.

"ಕಿರುಚಲಿಲ್ಲ, ಸ್ಟೂಲು ಹತ್ತಲಿಲ್ಲ. ಸೊನ್ನೆ," ಎಂದರು ಹಿರಿಯ ವೀಕ್ಷಕಿ.

"ಸೊನ್ನೆ," ಎಂದರು ಕಿರಿಯ ವೀಕ್ಷಕರು.

ಗಂಟೆಯಣ್ಣ ಅತ್ತುಬಿಟ್ಟ. ಇಷ್ಟು ಕಾಲ ತಾನು ಬೆನ್ನು ಹಾಕಿ ಬಾರಿಸಿದ್ದು ಇದರ ಮೇಲೆಯೇ ಎಂದು ಅವನಿಗೆ ಆಗ ತಿಳಿಯಿತು. ನಿರ್ದೇಶಕರನ್ನು ಕರೆಸಿಕೊಂಡ.

"ಸಾರ್, ತಪ್ಪಾಗಿದೆ. ನಾನು ತೋರಿಸ್ತಿರೋದು ಇಲಿ ಫಿಟ್ಸ್ ಅಲ್ಲ. ಅದು ನಮ್ಮತ್ತೆ ಜಿರಳೆ ನೋಡ್ದಾಗ ಕುಣಿಯೋದು. ನಿಜವಾದ್ದು ಬೇರೇನೇ ಇದೆ, ಈಗ ನೋಡ್ದೆ. ಪಾಪ ಸಾರ್ ಅವು."

ನಿರ್ದೇಶಕರು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು.

"ನೀನು ಸಿಬ್ಬಂದಿ ಆಗಿದ್ದಿದ್ರೆ ಇದನ್ನ ದೂರು ಅಂತ ತಗೋಬಹುದಿತ್ತು. ಈಗ ನೀನು ಇಲಿ. ಇಲಿಗಳ ಅಭಿಪ್ರಾಯ ಪಡೆಯೋಕೆ ನಿಯಮದಲ್ಲಿ ಅವಕಾಶ ಇಲ್ಲಪ್ಪಾ." ಹೊರಡುವಾಗ ಬಾಗಿಲಲ್ಲಿ ನಿಂತು ನೆನಪಿಸಿಕೊಂಡರು. "ಅಂದ ಹಾಗೆ ತಪಾಸಣೆಯವರು ಮತ್ತೆ ಬರ್ತಿದ್ದಾರೆ. ಐದನೇ ದರ್ಜೆಗೂ ಮಾನಕ ಬೇಕಂತೆ."

"ಐದು... ಅಂದ್ರೆ ಏಳೋದಿಲ್ಲ ಅಲ್ವಾ ಸಾರ್?"

"ಒಂದೇ ಒಂದು ಸಲ ತೋರ್ಸಿದ್ರೆ ಸಾಕು," ಎಂದು ಅವರು ಧೈರ್ಯ ಹೇಳಿದರು.

ತಪಾಸಣೆಯ ದಿನ ಪ್ರಾಣಿ ವಿಭಾಗವನ್ನು ತೊಳೆದು ಬಳಿದಿದ್ದರು. 'ಈ ಕಟ್ಟಡದಲ್ಲಿ ಜಿರಳೆ ಇಲ್ಲ' ಎಂಬ ಪ್ರಮಾಣಪತ್ರ ಬಾಗಿಲ ಮೇಲಿತ್ತು. ಪ್ರದರ್ಶನಕ್ಕೆ ಕುಟುಂಬದವರನ್ನೂ ಆಹ್ವಾನಿಸಿದ್ದರು, ಗಾಜಿನ ಹೊರಗೆ ಅವರಿಗಾಗಿ ಬೆಂಚು ಹಾಕಿದ್ದರು. ಹೆಂಡತಿ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಳು. ಗಂಟೆಯಣ್ಣ ಅವಳ ಮುಖ ನೋಡಿದ. ಪೆಟ್ಟಿಗೆಯೊಳಗೆ ಮುಖ ತಿಕ್ಕಿಕೊಳ್ಳುತ್ತಿದ್ದ ಇಲಿಯನ್ನೂ ನೋಡಿದ. ನಿರ್ಧಾರ ಮಾಡಿದ: ಏನಾದರಾಗಲಿ, ಅಲುಗಾಡುವುದಿಲ್ಲ.

ಗಂಟೆ ಮೊಳಗಿತು. ಗಂಟೆಯಣ್ಣ ಕಲ್ಲಿನ ಹಾಗೆ ಕೂತ. ಇನ್ನೂ ಜೋರಾಗಿ ಮೊಳಗಿತು. ಅವನು ಅಲುಗಾಡಲಿಲ್ಲ. ನಿರ್ದೇಶಕರ ಹಣೆ ಬೆವರಿತು. ತಪಾಸಣೆಯ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಮಾನಕ ಸೊನ್ನೆ ತೋರಿಸ್ತಾ ಇದೆಯಲ್ರೀ," ಎಂದರು.

ಅಷ್ಟರಲ್ಲಿ ಆಹಾರದ ಚೀಲದ ಅಡಿಯಿಂದ ಇಲ್ಲದ ಜಿರಳೆಯೊಂದು ಹೊರಬಂದು, ಮೀಸೆ ಆಡಿಸುತ್ತಾ ಬೆಂಚಿನ ಕಡೆ ನಡೆಯಿತು.

ಅತ್ತೆ ಕಿಟಾರನೆ ಕಿರುಚಿದರು. ಎರಡೂ ಕೈ ಮೇಲೆತ್ತಿಕೊಂಡು ಗರಗರ ಸುತ್ತು ಹೊಡೆದರು. ಪಹರೆಯವನನ್ನು ತಳ್ಳಿ ಅವನ ಸ್ಟೂಲು ಹತ್ತಿದರು. ಮಗ್ಗುಲಾಗಿ ಬಿದ್ದು ಒದ್ದಾಡಿ, ಎರಡೂ ಕಾಲು ಸೆಟೆಸಿ ಮಲಗಿದರು.

"ನಾಲ್ಕು!" ವೀಕ್ಷಕರಿಬ್ಬರೂ ಒಂದೇ ಉಸಿರಿಗೆ ಕೂಗಿದರು. ಕಿರಿಯ ವೀಕ್ಷಕರಂತೂ ಮೈಮರೆತು ಹಿರಿಯ ವೀಕ್ಷಕಿಯ ಕೈ ಕುಲುಕಿಬಿಟ್ಟರು.

ತಪಾಸಣೆಯ ಮುಖ್ಯಸ್ಥರು ಎದ್ದು ನಿಂತರು. "ಅದ್ಭುತ. ಇಷ್ಟು ಶುದ್ಧವಾದ ನಾಲ್ಕನ್ನ ನಾನು ಎಲ್ಲೂ ನೋಡಿಲ್ಲ. ಹಳೇ ಮಾನಕಕ್ಕೆ ಹೋಲಿಸಿದ್ರೆ ಇದೇ ಅಸಲು ಅನ್ನಿಸುತ್ತೆ."

"ಸಾರ್, ಅದು ಜಿರಳೆ ನೋಡಿ!" ಎಂದು ಗಂಟೆಯಣ್ಣ ಗಾಜು ಬಡಿದ.

ಮುಖ್ಯಸ್ಥರು ಬಾಗಿಲ ಮೇಲಿನ ಪ್ರಮಾಣಪತ್ರವನ್ನು ಓದಿದರು. ಕಟ್ಟಡದಲ್ಲಿ ಜಿರಳೆ ಇರಲಿಲ್ಲ. ಆದ್ದರಿಂದ ಕಾರಣ ಗಂಟೆಯೇ ಎಂದು ದಾಖಲಾಯಿತು. ಜಿರಳೆ ಅವರ ಬೂಟನ್ನು ಹತ್ತಿ ಇಳಿದು ಹೋಯಿತು.

ಮುಂದಿನ ಮಾತುಕತೆ ಅಲ್ಲೇ, ಅತ್ತೆಯನ್ನು ಎಬ್ಬಿಸಿ ಕೂರಿಸಿ ನೀರು ಕೊಟ್ಟ ಮೇಲೆ ನಡೆಯಿತು. ನಿರ್ದೇಶಕರು ಹುದ್ದೆಯ ವಿವರ ಹೇಳಿದರು. ಅತ್ತೆ ಗಮನವಿಟ್ಟು ಕೇಳಿದರು.

"ಖಾಯಮ್ಮಾ?"

"ಖಾಯಂ, ಅಮ್ಮಾ."

"ಊಟ?"

"ಹೊತ್ತುಹೊತ್ತಿಗೆ ಬರುತ್ತೆ."

"ಅಡಿಗೆ ಯಾರು ಮಾಡೋದು?"

"ನೀವಂತೂ ಅಲ್ಲ."

"ಪಾತ್ರೆ?"

"ಪಾತ್ರೇನೇ ಇಲ್ಲ."

ಅತ್ತೆ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಬುದ್ಧಿ ಬಂದಂದಿನಿಂದ ಅವರು ಒಬ್ಬರಲ್ಲ ಒಬ್ಬರ ಪಾತ್ರೆ ತೊಳೆದವರು. ಅವರ ಹೆಸರಿನಲ್ಲಿ ಒಂದು ಜಾಗವಾಗಲಿ, ಹುದ್ದೆಯಾಗಲಿ ಎಂದೂ ಇದ್ದದ್ದಿಲ್ಲ. ಗಂಟೆಯಣ್ಣನ ಹೆಂಡತಿ, "ಅಮ್ಮಾ, ಬೇಡ, ನಡಿ ಮನೆಗೆ," ಎಂದು ಕೈ ಎಳೆದಳು. ಅತ್ತೆ ಕೈ ಬಿಡಿಸಿಕೊಂಡರು.

"ನೀನು ಸುಮ್ನಿರು. ಎಲ್ಲಿ ಸಹಿ ಹಾಕ್ಬೇಕು?" ಎಂದು ಕೇಳಿ, ಮತ್ತೆ ತಡೆದರು. "ಅದೇನೋ ಐದು ಅಂದ್ರಲ್ಲ. ಅದು ನನಗೆ ಬರೋವಾಗ ಬರುತ್ತೆ. ಅವಸರ ಮಾಡಕೂಡದು."

'ಐದನೇ ದರ್ಜೆಯನ್ನು ಯಥಾಕಾಲದಲ್ಲಿ, ಸ್ವಾಭಾವಿಕವಾಗಿ ಪ್ರದರ್ಶಿಸಲು ಅನುಮತಿಸಿದೆ' ಎಂದು ಸೇರಿಸಲಾಯಿತು. ಎಡಗಿವಿಗೆ ತಗಡು ಬೇಡ, ಓಲೆ ಹಾಕೋಕೆ ತೊಂದರೆ ಎಂದರು ಅತ್ತೆ. ನಿರ್ದೇಶಕರು ಅದಕ್ಕೂ ಒಪ್ಪಿದರು.

ಗಂಟೆಯಣ್ಣ ಗುಣಮುಖನೆಂದು ಘೋಷಿತನಾದ. ಔಷಧಿಯ ಹೆಸರನ್ನೂ ಕೇಳದವನ ಮೇಲೆ ಔಷಧಿ ಕೆಲಸ ಮಾಡಿದ್ದಕ್ಕೆ ಇನ್ನೊಂದು ಹೂಗುಚ್ಛ ಬಂತು. ಗುಣವಾದ ಇಲಿಗೆ ಇಲಿಯ ಹುದ್ದೆಯಲ್ಲಿ ಮುಂದುವರಿಯುವ ಹಕ್ಕಿಲ್ಲ. ತಗಡು ಬಿಚ್ಚಿಸಿಕೊಂಡು, ಚಪ್ಪಲಿ ಹಾಕಿಕೊಂಡು, ಹೊಸಬನಿಂದ ಗಂಟೆ ವಾಪಸು ಪಡೆದು, ಅವನು ಮತ್ತೆ 'ಗಂಟೆ, ತಾತ್ಕಾಲಿಕ' ಆದ.

ಈಗ ಎಲ್ಲವೂ ಸುಸೂತ್ರವಾಗಿದೆ. ಮನೆಯಲ್ಲಿ ಅಡಿಗೆ ಗಂಡಹೆಂಡತಿ ಸೇರಿ ಮಾಡುತ್ತಾರೆ, ಪಾತ್ರೆ ಅವನದು. ಊಟಕ್ಕೆ ಕೂತಾಗ ಅವನ ಜಾಗದಲ್ಲಿ ಅವನೇ ಇರುತ್ತಾನೆ. ಕೆಲಸದಲ್ಲಿ ಗೋಡೆಗೆ ಮುಖಮಾಡಿಯೇ ನಿಲ್ಲುತ್ತಾನೆ, ಆದರೆ ಹೆಂಡತಿ ಹೊಲಿದುಕೊಟ್ಟ ದಪ್ಪ ಬಟ್ಟೆಯ ಚೀಲವೊಂದು ಗಂಟೆಯ ನಾಲಿಗೆಗೆ ಸುತ್ತಿರುತ್ತದೆ. ಅವನು ಕೈ ಸೋಲುವಷ್ಟು ಬಾರಿಸುತ್ತಾನೆ, ದಪ್ ದಪ್ ಎಂದು ದಿಂಬು ಬಡಿದ ಹಾಗೆ ಕೇಳುತ್ತದೆ. ಬೆನ್ನ ಹಿಂದೆ ಇಲಿಗಳು ಮುಖ ತಿಕ್ಕಿಕೊಳ್ಳುತ್ತವೆ. ಮೊದಲೂ ಸೊನ್ನೆ, ಈಗಲೂ ಸೊನ್ನೆ. ಯಾರಿಗೂ ವ್ಯತ್ಯಾಸ ಕಂಡಿಲ್ಲ.

ಅತ್ತೆಗೆ ಹೊಟ್ಟಿನ ಮೇಲೊಂದು ಕೈಯಿರುವ ಕುರ್ಚಿ ಹಾಕಿಕೊಟ್ಟಿದ್ದಾರೆ. ಅದು ಆ ಜಗಳದ ಕುರ್ಚಿಯೇ. ವೀಕ್ಷಕರಿಬ್ಬರೂ ಒಮ್ಮತದಿಂದ ಬಿಟ್ಟುಕೊಟ್ಟರು. ಬೇರೆ ಬೇರೆ ಸಂಸ್ಥೆಗಳವರು ತಮ್ಮ ಕಣ್ಣು ಸರಿಹೊಂದಿಸಿಕೊಳ್ಳಲು ಸಾಲುಗಟ್ಟಿ ಬರುತ್ತಾರೆ. ಪ್ರದರ್ಶನ ಮುಗಿದ ಮೇಲೆ ಅತ್ತೆ ಎದ್ದು, ಹೊಟ್ಟು ಕೊಡವಿಕೊಂಡು, ಗಾಜಿನ ಆಚೆ ಗಂಟೆ ಹಿಡಿದು ನಿಂತವನ ಕಡೆ ಕೈ ತೋರಿಸಿ ಬಂದವರಿಗೆ ಪರಿಚಯ ಮಾಡಿಕೊಡುತ್ತಾರೆ:

"ಅವರು ನಮ್ಮ ಅಳಿಯ. ಸದ್ಯಕ್ಕೆ."